ಜನರೇಟರ್ ಚಿಕ್ಕದಾಯ್ತು, ಕಾರಿನ ಸಾಲು ಚಿಕ್ಕದಾಗಲಿಲ್ಲ

ಕೊಡಗಿನ ಗೋಣಿಕೊಪ್ಪದ ಹತ್ತಿರ ನನ್ನದೊಂದು ಮೈಕ್‌ಸೆಟ್, ಲೈಟಿಂಗ್ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ಹಾಕಿ ಪಂದ್ಯ, ಮಡಿಕೇರಿ ದಸರಾದ ದಶಮಂಟಪದ ರಾತ್ರಿ, ಎಲ್ಲ ಕಡೆ ನನ್ನ ಜನರೇಟರ್ ಗುರ್ ಅಂದಿದೆ. ಅಂಥವನು ಪರಿಸರದ ಬಗ್ಗೆ ಬರೆಯೋಕೆ ಕೂತಿದ್ದಾನೆ ಅಂದ್ರೆ ನನ್ನ ತಮ್ಮನಿಗೇ ನಗು.

ನಾಲ್ಕು ವರ್ಷದ ಹಿಂದೆ ನಾವು ಮೂವರು ಸೇರಿ ವರ್ಷಕ್ಕೊಂದು ಹಾಡು-ಚಿತ್ರದ ಕೂಟ ಶುರು ಮಾಡಿದೆವು. ತೋಟದ ಮಾಲೀಕನಾದ ನನ್ನ ಗೆಳೆಯ, ಶಾಲೆಯ ಡ್ರಾಯಿಂಗ್ ಮೇಷ್ಟ್ರು, ನಾನು. ಜಾಗ, ಗೆಳೆಯನ ತೋಟದ ಕಾಫಿ ಕಣ. ಎರಡು ದಿನ ದುಡಿ ಹಾಡು, ವಾಲಗ, ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್, ಬೆಂಗಳೂರಿನ ಎರಡು ಬ್ಯಾಂಡು. ಕಾಫಿ ಗಿಡಗಳ ಸಾಲಿನ ನಡುವೆ ಹಗ್ಗ ಕಟ್ಟಿ ಚಿತ್ರಗಳ ಪ್ರದರ್ಶನ. ಮೊದಲ ವರ್ಷವೇ ಸುಮಾರು ಆರುನೂರು ಜನ ಬಂದರು. ಪೋಸ್ಟರಿನಲ್ಲಿ ದೊಡ್ಡದಾಗಿ ‘ಪರಿಸರಸ್ನೇಹಿ’ ಅಂತ ಬರೆಸಿದ್ದೆವು. ಬರೆಸುವಾಗ ನಮ್ಮ ತಲೆಯಲ್ಲಿದ್ದದ್ದು ಅಡಿಕೆ ಹಾಳೆಯ ತಟ್ಟೆ ಮಾತ್ರ.

ಆ ವರ್ಷ ಬೇಕಂತಲೇ ಕಾಫಿ ಹೂವಿನ ಸಮಯಕ್ಕೆ ತಾರೀಖು ಇಟ್ಟಿದ್ದೆವು. ಸ್ಪ್ರಿಂಕ್ಲರ್ ಹೊಡೆದು ಎಂಟು-ಹತ್ತು ದಿನಕ್ಕೆ ರೋಬಸ್ಟಾ ಕಾಫಿಯ ತೋಟ ಬೆಳ್ಳಗಾಗುತ್ತೆ. ವಾಸನೆ ಮಲ್ಲಿಗೆಯ ಹಾಗೆ. ಬೆಂಗಳೂರಿಂದ ಬಂದವರು ಫೋಟೋ ತೆಗೆದದ್ದೇ ತೆಗೆದದ್ದು. ರಾತ್ರಿ ಎಂಟು ಗಂಟೆಗೆ ಉಮ್ಮತ್ತಾಟ್ ಶುರುವಾಯಿತು. ನಾನು ವೇದಿಕೆಗೆ ಬೆಳಕು ಬಿಡೋ 24 ಪಾರ್ ಲೈಟ್ ಹಾಕಿದ್ದೆ, ಹಳೇ ಕಾಲದ್ದು, ಒಂದೊಂದೂ ಸಾವಿರ ವ್ಯಾಟ್. ಐದು ನಿಮಿಷ ಆಗಿರಬೇಕು, ಲೈಟಿನ ಗಾಜಿಗೆ ಏನೋ ಟಪ್ ಟಪ್ ಅಂತ ಬಡಿಯೋಕೆ ಶುರು. ಮಳೆ ಹನಿಯೇನೋ ಅಂದುಕೊಂಡೆ. ಹೆಜ್ಜೇನು. ತೋಟದಂಚಿನ ದೊಡ್ಡ ಮರದಲ್ಲಿ ಗೂಡಿತ್ತು. ರಾತ್ರಿ ಅಷ್ಟು ಬೆಳಕು ಕಂಡರೆ ಅವು ನೇರ ಅಲ್ಲಿಗೇ ಬರುತ್ತವೆ. ಬಿಸಿ ಗಾಜಿಗೆ ಬಡಿದು ವೇದಿಕೆ ಮೇಲೆ ಬಿದ್ದವು. ಬರಿಗಾಲಲ್ಲಿ ಕುಣಿಯುತ್ತಿದ್ದ ಒಬ್ಬ ಹುಡುಗಿ ತುಳಿದು ಚುಚ್ಚಿಸಿಕೊಂಡಳು. ಎಲ್ಲ ಲೈಟು ಆರಿಸಿದೆ. ಉಮ್ಮತ್ತಾಟ್‌ಗೆ ನಡುವೆ ಇಟ್ಟಿದ್ದ ದೀಪವೊಂದೇ ಉಳಿಯಿತು. ಅದರಲ್ಲೇ ಅವರು ಆಟ ಮುಗಿಸಿದರು. ನಿಜ ಹೇಳಬೇಕಂದ್ರೆ ನೋಡೋಕೆ ಅದೇ ಚೆನ್ನಾಗಿತ್ತು.

ಬೆಳಗ್ಗೆ ವೇದಿಕೆ ಗುಡಿಸಿದರೆ ಅರ್ಧ ಮೊರ ಸತ್ತ ಹುಳ. ಗೆಳೆಯ ಮೊರ ಹಿಡಿದುಕೊಂಡು ಸುಮ್ನೆ ನಿಂತಿದ್ದ. ಆಮೇಲೆ, ‘ಇವು ನನ್ನ ಕೆಲಸದಾಳುಗಳು ಕಣೋ, ಸಂಬಳ ಇಲ್ಲದೆ ದುಡಿಯೋವು’ ಅಂದ. ರೋಬಸ್ಟಾ ಹೂವಿಗೆ ತನ್ನ ಗಿಡದ ಪರಾಗ ಸಾಲದು, ಬೇರೆ ಗಿಡದ್ದೇ ಬೇಕು. ಅದನ್ನು ತರೋದು ಗಾಳಿ ಮತ್ತು ಜೇನು. ಹೂ ನಿಲ್ಲೋದು ಎರಡೇ ಮೂರು ದಿನ. ಆ ಮೂರು ದಿನದಲ್ಲೇ ನಾನು ಅವನ ಆಳುಗಳನ್ನು ಸುಟ್ಟಿದ್ದೆ.

ಮುಂದಿನ ವರ್ಷ ಸಾಲ ಮಾಡಿ ಎಲ್‌ಇಡಿ ಪಾರ್ ತಂದೆ. ಬಿಸಿ ಇಲ್ಲ, ಕರೆಂಟೂ ಕಮ್ಮಿ. 24 ಲೈಟಿಗೆ ಮೊದಲು 24 ಕಿಲೋವ್ಯಾಟ್ ಬೇಕಿತ್ತು, ಈಗ ನಾಲ್ಕು ಚಿಲ್ಲರೆ. ಸೌಂಡು, ಪಂಪು, ಅಡುಗೆ ಮನೆ ಎಲ್ಲ ಸೇರಿ ಎಂಟು. ಡೀಸೆಲ್ ಮೂರರಲ್ಲೊಂದು ಪಾಲಿಗೆ ಇಳಿಯುತ್ತೆ ಅಂತ ಲೆಕ್ಕ ಹಾಕಿದ್ದೆ. ಇಳಿಯಲಿಲ್ಲ. ಯಾಕೆಂದರೆ ಜನರೇಟರ್ ಹಳೇದೇ, 62.5 ಕೆವಿಎ, ಅಂದರೆ 50 ಕಿಲೋವ್ಯಾಟ್ ಎಳೆಯುವಂಥದ್ದು. ಅಂಥ ಎಂಜಿನ್ನಿಗೆ ಎಂಟು ಕಿಲೋವ್ಯಾಟ್ ಹಾಕಿದರೆ ಅದು ಸುಮ್ಮನೆ ತಿರುಗೋದಕ್ಕೇ ಡೀಸೆಲ್ ಕುಡಿಯುತ್ತೆ. ಜೊತೆಗೆ ಎಂಜಿನ್ ಸರಿಯಾಗಿ ಕಾಯದೆ ಡೀಸೆಲ್ ಪೂರ್ತಿ ಉರಿಯಲ್ಲ, ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತೆ, ಕಪ್ಪು ಎಣ್ಣೆ ಒಸರುತ್ತೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ದೊಡ್ಡ ಸೆಟ್ ತಂದರೆ ಗಿರಾಕಿಗೆ ಧೈರ್ಯ, ನಮಗೆ ಬಾಡಿಗೆ ಜಾಸ್ತಿ. ಹಾಗಾಗಿ ನಮ್ಮ ಲೈನಿನಲ್ಲಿ ಚಿಕ್ಕದು ಸಾಕು ಅಂತ ಯಾರೂ ಹೇಳಲ್ಲ.

ಆಮೇಲೆ 15 ಕೆವಿಎ ಸೆಟ್ ತಂದೆ. ಗಂಟೆಗೆ ಮೂರು ಲೀಟರ್ ಒಳಗೇ. ದಿನಕ್ಕೆ ಎಂಟು ಗಂಟೆ, ಎರಡು ದಿನಕ್ಕೆ 48 ಲೀಟರ್. ಮೊದಲ ವರ್ಷ 110 ಲೀಟರ್ ಹತ್ತಿರ ಹೋಗಿತ್ತು. ನಿಮ್ಮ ಊರಿನ ಕಾರ್ಯಕ್ರಮಕ್ಕೆ ಯಾರಾದರೂ ಜನರೇಟರ್ ತಂದರೆ ಮೊದಲು ಲೈಟು, ಆಂಪ್ಲಿಫೈಯರ್ ಎಲ್ಲದರ ವ್ಯಾಟ್ ಕೂಡಿಸಿ ಕೇಳಿ. ಸೆಟ್ಟಿನ ಶಕ್ತಿಯ ಅರ್ಧಕ್ಕಿಂತ ಮೇಲೆ, ಮುಕ್ಕಾಲಿನ ಒಳಗೆ ಲೋಡ್ ಇದ್ದರೆ ಸರಿ. ಲೈನ್ ಕರೆಂಟಿನ ತಾತ್ಕಾಲಿಕ ಕನೆಕ್ಷನ್ನೂ ಒಂದು ಸಲ ತಗೊಂಡು ನೋಡಿದೆವು. ಅದು ಎಲ್ಲ ತೋಟದಲ್ಲೂ ಸ್ಪ್ರಿಂಕ್ಲರ್ ಪಂಪ್ ಓಡುವ ಸಮಯ. ವೋಲ್ಟೇಜ್ ಬಿದ್ದು ಸೌಂಡ್ ಮಿಕ್ಸರ್ ಎರಡು ಸಲ ಆಫ್ ಆಯಿತು.

48 ಲೀಟರ್ ಅಂತ ನಾನು ಎಲ್ಲರ ಮುಂದೆ ಜಂಬ ಕೊಚ್ಚುತ್ತಿದ್ದೆ. ಡ್ರಾಯಿಂಗ್ ಮೇಷ್ಟ್ರು ಮಾತಾಡಲಿಲ್ಲ. ಶಾಲೆಯ ನಾಲ್ಕು ಹುಡುಗರನ್ನು ಗೇಟಿನಲ್ಲಿ ಕೂರಿಸಿ, ಬಂದ ಪ್ರತಿ ಕಾರಿಗೂ ಯಾವ ಊರಿಂದ ಅಂತ ಕೇಳಿ ಬರೆಸಿದರು. ಸಂಜೆ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ಬೆಂಗಳೂರಿನದೇ 30 ಕಾರು. ಇಲ್ಲಿಂದ ಬೆಂಗಳೂರು ಸುಮಾರು 230 ಕಿಲೋಮೀಟರ್. ಹೋಗಿ ಬಂದು 460. ಮೈಲೇಜ್ 15 ಅಂತ ಹಿಡಿದರೂ ಒಂದು ಕಾರಿಗೆ 30 ಲೀಟರ್ ಪೆಟ್ರೋಲ್. 30 ಕಾರಿಗೆ 900 ಲೀಟರ್. ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್, ಡೀಸೆಲ್ಲಿಗೆ 2.7 ಕಿಲೋ. ಅಂದರೆ ನಾನು ಸಾಲ ಮಾಡಿ ಉಳಿಸಿದ್ದನ್ನು ಬೆಂಗಳೂರಿನ ಎರಡೂವರೆ ಕಾರು ಒಂದೇ ವಾರಾಂತ್ಯದಲ್ಲಿ ತಿಂದುಹಾಕಿತ್ತು. ‘ಲೈಟು ಚೆನ್ನಾಗಿತ್ತು ಬಿಡಿ’ ಅಂದರು ಮೇಷ್ಟ್ರು. ಸಮಾಧಾನಕ್ಕೋ, ಕುಟುಕಿದ್ದೋ, ಇವತ್ತಿಗೂ ಗೊತ್ತಿಲ್ಲ.

ಕೊಡಗಿಗೆ ರೈಲಿಲ್ಲ, ಗೊತ್ತಲ್ವಾ. ಮೈಸೂರಿನವರೆಗೆ ಇದೆ. ಹಾಗಾಗಿ ಮೂರನೇ ವರ್ಷ ಮೈಸೂರು ರೈಲ್ವೆ ಸ್ಟೇಷನ್ನಿನಿಂದ ಒಂದು ಬಸ್ ಬಾಡಿಗೆಗೆ ಹಿಡಿದೆವು. ಹುಣಸೂರು, ತಿತಿಮತಿ ಮೇಲೆ ಬಂದರೆ ನೂರು ಕಿಲೋಮೀಟರ್ ಒಳಗೆ. 45 ಸೀಟು. ಬಂದವರು 17 ಜನ. ಬಸ್ ಇದೆ ಅಂತ ಹೇಳಿದರೆ ಸಾಲದು ಅಂತ ಅವತ್ತು ತಿಳಿಯಿತು. ಕಾರಿದ್ದವರು ಕಾರಲ್ಲೇ ಬರುತ್ತಾರೆ, ಅವರ ತಪ್ಪೇನಿದೆ? ಕಳೆದ ವರ್ಷ ಲೆಕ್ಕ ತಿರುಗಿಸಿದೆವು. ಬಸ್ಸಿನ ಸೀಟು ಟಿಕೆಟ್ಟಿನಲ್ಲೇ ಸೇರಿಸಿದೆವು, ಬೇಡ ಅಂದರೂ ದುಡ್ಡು ವಾಪಸ್ ಇಲ್ಲ. ಕಾರು ತಂದರೆ ಪಾರ್ಕಿಂಗಿಗೆ 500 ರೂಪಾಯಿ, ನಾಲ್ಕು ಜನ ತುಂಬಿಕೊಂಡು ಬಂದರೆ ಫ್ರೀ. ಎರಡು ಬಸ್ ತುಂಬಿತು. ನಮ್ಮ ಜಿಲ್ಲೆಯವರಿಗೆ ಗೋಣಿಕೊಪ್ಪ ಬಸ್ ಸ್ಟ್ಯಾಂಡಿನಿಂದ ತೋಟಕ್ಕೆ ಜೀಪು. ಬೆಳಗ್ಗೆ ಕೆಲಸದವರನ್ನು ಕರೆತರುವ ಜೀಪುಗಳೇ, ಶನಿವಾರ ಮಧ್ಯಾಹ್ನದ ಮೇಲೆ ಅವು ಖಾಲಿ ನಿಂತಿರುತ್ತವೆ. ಆದರೂ ಕಾರು ಪೂರ್ತಿ ನಿಲ್ಲಲಿಲ್ಲ. 500 ರೂಪಾಯಿ ಯಾಕೆ ಅಂತ ಪಕ್ಕದ ಹೋಂಸ್ಟೇ ಅಂಗಳದಲ್ಲಿ ನಿಲ್ಲಿಸಿ ನಡೆದು ಬಂದವರೂ ಇದ್ದರು.

ಬಸ್ ಬಂದ ಮೇಲೆ ಇನ್ನೊಂದು ಸಮಸ್ಯೆ. ತಿತಿಮತಿ ಕಡೆ ಕತ್ತಲಾದ ಮೇಲೆ ರಸ್ತೆಯಲ್ಲಿ ಆನೆ. ಆರು ಗಂಟೆಗೆ ಬಸ್ ಬಿಡಲೇಬೇಕು ಅಂತ ಡ್ರೈವರಣ್ಣ ಖಡಾಖಂಡಿತ ಹೇಳಿದರು. ಬ್ಯಾಂಡಿನ ಹುಡುಗರಿಗೆ ಬೇಜಾರು, ಹಗಲಲ್ಲಿ ಹಾಡಿದರೆ ಮೂಡ್ ಬರಲ್ಲವಂತೆ. ನಾವು ಡ್ರೈವರಣ್ಣನ ಮಾತು ಕೇಳಿದೆವು. ಬೆಳಗ್ಗೆ ಹತ್ತಕ್ಕೆ ಶುರು, ಸಂಜೆ ಐದೂವರೆಗೆ ಮುಕ್ತಾಯ. ಇದರಿಂದ ನನ್ನ ಲೈಟಿಂಗ್ ಬಾಡಿಗೆ ಹೋಯಿತು. ಸಾಲ ಮಾಡಿ ತಂದ ಎಲ್‌ಇಡಿ ಈಗ ಮದುವೆ ಮನೆಗಳಲ್ಲಿ ಉರಿಯುತ್ತಿವೆ. ಜೇನಿನ ಕಾಟ ಇಲ್ಲ. ರಾತ್ರಿ ಹತ್ತರ ಮೇಲೆ ಮೈಕ್ ಹಾಕಬಾರದು ಅನ್ನುವ ಕಾನೂನಿನ ತಲೆನೋವೂ ಇಲ್ಲ. ಲೈನ್ ಮನೆಯಲ್ಲಿ ಮಲಗುವ ಕೆಲಸದವರಿಗೂ ನಿದ್ದೆ.

ಹಗಲಿಗೆ ಬಂದ ಮೇಲೆ ಎಷ್ಟಕ್ಕೆ ಮೈಕೇ ಬೇಡ ಅನ್ನೋದೂ ಗೊತ್ತಾಯಿತು. ವಾಲಗದ ತಂಡದ ಹಿರಿಯರೊಬ್ಬರ ಮುಂದೆ ನಾನು ಅಭ್ಯಾಸಬಲದಿಂದ ಸ್ಟ್ಯಾಂಡ್ ಇಟ್ಟೆ. ಅವರು ಅದನ್ನು ಕಾಲಲ್ಲೇ ಸರಿಸಿ, ‘ಮೋನೇ, ಕೊಂಬಿಗೆ ಮೈಕ್ ಕೊಟ್ಟರೆ ಕೊಂಬಿಗೇ ಅವಮಾನ’ ಅಂದರು. ಊದಿದರು. ಆಚೆ ಗುಡ್ಡದ ತೋಟದಲ್ಲಿ ಕಪಾತು ಮಾಡುತ್ತಿದ್ದವರು ಕೆಲಸ ಬಿಟ್ಟು ಕೆಳಗಿಳಿದು ಬಂದರು. ಈಗ ಮಧ್ಯಾಹ್ನದ ಎರಡು ಗಂಟೆ ವಾಲಗ, ದುಡಿಗೇ ಮೀಸಲು. ಆ ಹೊತ್ತು ಜನರೇಟರ್ ಆಫ್.

ಊಟದ ವಿಷಯ. ಹಾಳೆ ತಟ್ಟೆ ಮಣ್ಣಾಗುತ್ತೆ, ನಿಜ. ಆದರೆ ಆರುನೂರು ತಟ್ಟೆ ಪಂದಿ ಕರಿ ಸಮೇತ ಒಂದೇ ಗುಂಡಿಗೆ ಸುರಿದರೆ ಮಣ್ಣಾಗೋ ಮೊದಲೇ ನಾಯಿ, ಕಾಡುಹಂದಿ ಎರಡೂ ಬಂದು ಎಳೆದಾಡುತ್ತವೆ. ನಮ್ಮಲ್ಲಿ ಅದೇ ಆಯಿತು. ಈಗ ಮದುವೆ ಪಾತ್ರೆ ಬಾಡಿಗೆ ಕೊಡುವವರಿಂದ ಸ್ಟೀಲ್ ತಟ್ಟೆ ತರುತ್ತೇವೆ. ತಮ್ಮ ತಟ್ಟೆ ತಾವೇ ತೊಳೆಯಲಿ ಅಂತ ಒಂದು ವರ್ಷ ಬಿಟ್ಟು ನೋಡಿದೆವು. ನಲ್ಲಿ ಹತ್ತಿರ ಕೆಸರಾಗಿ ಇಬ್ಬರು ಜಾರಿ ಬಿದ್ದರು, ನೀರೂ ವಿಪರೀತ ಖರ್ಚು. ಈಗ ಲೈನ್ ಮನೆಯ ನಾಲ್ಕು ಜನ ಅಕ್ಕಂದಿರು ಕೂಲಿಗೆ ತೊಳೆಯುತ್ತಾರೆ. ಮೊದಲು ಎಂಜಲು ಕೆರೆದು ತೆಗೆದು, ಆಮೇಲೆ ಮೂರು ಟಬ್‌ನಲ್ಲಿ. ನೀರು ಬಾಳೆ ಗುಂಡಿಗೆ. ಎಂಜಲು ಕಾಫಿ ಸಿಪ್ಪೆಯ ಗೊಬ್ಬರದ ರಾಶಿಗೆ, ಮೂಳೆ ಬೇರೆ, ಆಳವಾಗಿ ಹೂಳಬೇಕು.

ನೀರಿನ ಬಾಟಲಿ ಮಾರೋದಿಲ್ಲ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ 2019ರಲ್ಲೇ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿ ಮಾರೋದು ನಿಲ್ಲಿಸಿದ್ದಾರೆ, ಅಷ್ಟು ಲಕ್ಷ ಜನಕ್ಕೆ ಆಗೋದು ನಮ್ಮ ಆರುನೂರಕ್ಕೆ ಆಗಲ್ವಾ? ಹಂಡೆಯಲ್ಲಿ ಕಾಯಿಸಿ ಆರಿಸಿದ ನೀರು, 100 ರೂಪಾಯಿ ಡೆಪಾಸಿಟ್ಟಿಗೆ ಒಂದು ಸ್ಟೀಲ್ ಲೋಟ. ಮೊದಲ ಸಲ ಮೇಷ್ಟ್ರು ಆಸೆಯಿಂದ ಲೋಟದ ಮೇಲೆ ಕಾಫಿ ಹೂವಿನ ಚಿತ್ರ ಕೆತ್ತಿಸಿದ್ದರು. ನೂರಾ ಚಿಲ್ಲರೆ ಲೋಟ ವಾಪಸ್ಸೇ ಬರಲಿಲ್ಲ. ನೂರು ರೂಪಾಯಿಗೆ ಅಷ್ಟು ಚಂದದ ಲೋಟ ಯಾರು ಬಿಡುತ್ತಾರೆ? ಈಗ ಬೋಳು ಲೋಟ. ಎಲ್ಲ ವಾಪಸ್ ಬರುತ್ತೆ.

ವೇದಿಕೆಗೆ ಬಿದಿರು. ಅರುಣಾಚಲದ ಜಿರೋ ಸಂಗೀತ ಉತ್ಸವದಲ್ಲಿ ವೇದಿಕೆಯನ್ನೇ ಬಿದಿರಿನಲ್ಲಿ ಕಟ್ಟುತ್ತಾರೆ, ಅದನ್ನು ನೋಡಿ ಬಂದ ನಮ್ಮ ಹುಡುಗನೊಬ್ಬ ಹಠ ಹಿಡಿದ. ಕಸಕ್ಕೂ ಬಿದಿರಿನ ಕುಕ್ಕೆ, ಮೇದರ ಮನೆಯಿಂದ ಕೊಂಡದ್ದು. ಫ್ಲೆಕ್ಸ್ ಬದಲು ಬಟ್ಟೆ ಬ್ಯಾನರ್. ಅದರ ಮೇಲೆ ಇಸವಿ ಬರೆಯಬೇಡಿ ಅಂತ ಮಾತ್ರ ಎಲ್ಲರಿಗೂ ಹೇಳ್ತೇನೆ. ನಮ್ಮದು ಮೂರು ವರ್ಷದಿಂದ ಅದೇ ಬ್ಯಾನರ್. ಅಲಂಕಾರಕ್ಕೆ ಒಂದು ಸಲ ಬಾಳೆಗೊನೆ ಕಟ್ಟಿದ್ದೆವು. ರಾತ್ರಿ ಆನೆ ಬಂದು ಗೊನೆಯ ಜೊತೆ ಕಂಬವನ್ನೂ ಎಳೆದುಕೊಂಡು ಹೋಯಿತು. ಕಸ ಉಳಿಯದ ಅಲಂಕಾರ ಅಂದ್ರೆ ಅದೊಂದೇ. ಮತ್ತೆ ಕಟ್ಟಿಲ್ಲ.

ಈ ವರ್ಷದ ತಾರೀಖು ಇನ್ನೂ ಗಟ್ಟಿಯಾಗಿಲ್ಲ. ಹೂವಿನ ಸಮಯ ಬೇಡ, ಅದು ತೀರ್ಮಾನ. ರೋಬಸ್ಟಾ ಕೊಯ್ಲು ಮುಗಿದು ಕಣ ಖಾಲಿಯಾಗಬೇಕು, ಸ್ಪ್ರಿಂಕ್ಲರ್ ಶುರುವಾಗಿರಬಾರದು. ನಡುವೆ ಸಿಗೋದು ಹತ್ತು-ಹದಿನೈದು ದಿನ, ಅದೂ ಸಿಕ್ಕರೆ. ಬೇಗ ತಾರೀಖು ಹೇಳಿದರೆ ಜನ ರೈಲು, ಬಸ್ ನೋಡಿಕೊಳ್ಳುತ್ತಾರೆ, ತಡವಾದರೆ ಕಾರು ಹತ್ತುತ್ತಾರೆ. ಮೇಷ್ಟ್ರು ದಿನಾ ಫೋನ್ ಮಾಡಿ ಕೇಳುತ್ತಾರೆ. ನಿನ್ನೆ ಗೆಳೆಯನ ತೋಟಕ್ಕೆ ಹೋಗಿ ನೋಡಿ ಬಂದೆ. ಕಣದ ತುಂಬ ಕಾಫಿ ಹರಡಿದೆ, ಮೇಲುಗಡೆ ಎರಡು ಬ್ಲಾಕ್ ಇನ್ನೂ ಕೊಯ್ದೇ ಇಲ್ಲ.