ಸಾಂಚಿಯ ಕಲ್ಲಲ್ಲಿ ಮರಗೆಲಸದ ಕೈ

ನಾನು ಮರ ಕೆತ್ತುವವನು. ಗಂಧ, ಶಿವನೆ ಬಿಟ್ಟರೆ ಬೇರೇನೂ ಮುಟ್ಟಿದವನಲ್ಲ. ಭೋಪಾಲಿನಲ್ಲಿ ಮೇಳ ಮುಗಿದು ಒಂದು ದಿನ ಉಳಿದಿತ್ತು, ಸುಮ್ನೆ ಸಾಂಚಿಗೆ ಹೋದೆ.

ಅಲ್ಲಿ ದೊಡ್ಡ ಸ್ತೂಪದ ದಕ್ಷಿಣ ತೋರಣದ, ಅಂದರೆ ಕಲ್ಲಿನ ಹೆಬ್ಬಾಗಿಲಿನ, ಕಂಬದಲ್ಲಿ ಹಳೆಯ ಬ್ರಾಹ್ಮಿ ಲಿಪಿಯ ಒಂದು ಬರಹವಿದೆ. ಈ ಕೆತ್ತನೆ ಹತ್ತಿರದ ವಿದಿಶೆ ಊರಿನ ದಂತಕಾರರು, ಅಂದರೆ ಆನೆದಂತ ಕೆತ್ತುವವರು, ಮಾಡಿದ್ದು ಅಂತ ಅದರ ಅರ್ಥ. ಕ್ರಿಸ್ತಪೂರ್ವ 1ನೇ ಶತಮಾನದ ಮಾತು. ಕೇಳಿ ಅಲ್ಲೇ ನಿಂತುಬಿಟ್ಟೆ. ನಮ್ಮಜ್ಜನೂ ದಂತ ಕೆತ್ತಿದವರೇ!

ಊರಿಗೆ ಬಂದು ಆ ಕಂಬದ ಒಂದು ಫಲಕವನ್ನು ಶಿವನೆ ಹಲಗೆಯಲ್ಲಿ ಕೆತ್ತಲು ಕೂತೆ. ಅಭ್ಯಾಸದಂತೆ ಮೊದಲು ಮುಖ, ಹೊಟ್ಟೆ ಎಲ್ಲ ಗುಂಡಗೆ ಮಾಡಿದೆ. ಒಬ್ಬನ ಮೂಗು ಚೌಕಟ್ಟಿನಿಂದ ಆಚೆ ಬಂತು, ಹಿಂದಿನವರಿಗೆ ಜಾಗವೇ ಇಲ್ಲ. ಹಲಗೆ ಹಾಳಾಯಿತು. ಫೋಟೋ ಮತ್ತೆ ನೋಡಿದೆ. ಅಲ್ಲಿ ಯಾರೂ ಚೌಕಟ್ಟು ದಾಟಿ ಬರುವುದಿಲ್ಲ. ಎಲ್ಲರ ಮೈಯೂ ಒಂದೇ ಮಟ್ಟದಲ್ಲಿದೆ, ನಡುವಿನ ಜಾಗವನ್ನಷ್ಟೇ ಆಳಕ್ಕೆ ತೆಗೆದಿದ್ದಾರೆ. ಹಿಂದೆ ನಿಂತವರನ್ನು ಮುಂದಿನವರ ತಲೆಯ ಮೇಲೆ ಸಾಲಾಗಿ ಕೂರಿಸಿದ್ದಾರೆ. ತೆಳು ದಂತದ ಪಟ್ಟಿಯಲ್ಲಿ ಹೀಗೇ ಮಾಡಬೇಕು, ದಪ್ಪ ಸಿಗುವುದಿಲ್ಲವಲ್ಲ. ಕಲ್ಲು ಬೇಕಾದಷ್ಟು ದಪ್ಪ ಇತ್ತು, ಕೈ ಮಾತ್ರ ಹಳೆಯದೇ. ಎರಡನೇ ಹಲಗೆಯಲ್ಲಿ ಮೇಲ್ಮೈ ಮುಟ್ಟದೆ ಸುತ್ತಲಿನ ನೆಲವನ್ನು ಅರ್ಧ ಇಂಚು ಇಳಿಸಿದೆ. ಗುಂಪು ತಾನಾಗಿ ಎದ್ದು ನಿಂತಿತು.

ಹಾಗಂತ ಎಲ್ಲವೂ ದಂತಕಾರರಿಂದಲೇ ಬಂದದ್ದಲ್ಲ. ಅಲ್ಲಿನ ರೆಕ್ಕೆಯ ಸಿಂಹಗಳು ಇರಾನಿನ ಕಡೆಯ ನೆಂಟರು. ಭಾರ್ಹುತ ಅನ್ನೋ ಇನ್ನೊಂದು ಹಳೆಯ ಸ್ತೂಪದ ತೋರಣದಲ್ಲಂತೂ ವಾಯವ್ಯ ಭಾರತದ ಕಡೆಯ ಖರೋಷ್ಠಿ ಲಿಪಿಯ ಗುರುತುಗಳೇ ಇವೆ, ಅಂದರೆ ವಾಯವ್ಯದ ಕೆಲಸಗಾರರೂ ಅಲ್ಲಿದ್ದರು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಸ್ತೂಪದ ಸುತ್ತಲಿನ ಕಲ್ಲಿನ ಕಟಕಟೆ. ಕಂಬದಲ್ಲಿ ತೂತು ಕೊರೆದು ಅಡ್ಡಪಟ್ಟಿಯ ತುದಿ ತೂರಿಸಿದ್ದಾರೆ, ಪಕ್ಕಾ ಬಡಗಿ ಕೆಲಸ. ಅಡ್ಡಪಟ್ಟಿಗೆ ಸೂಚಿ ಅಂತಾರೆ, ಸೂಜಿ ಅಲ್ವಾ! ಅದರದ್ದೂ ಒಂದು ಮಾದರಿ ಮಾಡಿದೆ. ಎರಡು ಕಂಬ ನಿಲ್ಲಿಸಿ ನಡುವೆ ಸೂಚಿ ಹಾಕಲು ಹೋದರೆ ಹೋಗುವುದೇ ಇಲ್ಲ. ಒಂದು ಕಂಬ, ಅದಕ್ಕೆ ಮೂರು ಸೂಚಿ, ಆಮೇಲೆ ಮುಂದಿನ ಕಂಬ. ಹೀಗೇ ಸಾಗಬೇಕು. ಕೊನೆಗೆ ಮೇಲಿನ ತೊಲೆ ಕೂರಿಸಿದೆ. ಒಂದು ಮೊಳೆಯೂ ಬೇಕಾಗಲಿಲ್ಲ.