ತಪ್ಪು ಉತ್ತರಗಳಿಗಾಗಿ ಬರೆದ ಕ್ವಿಜ್

ಪದವಿ ಮೊದಲ ವರ್ಷದ ಕಲನಶಾಸ್ತ್ರಕ್ಕೆ ನಾನು ಮೂಡಲ್ ಎಂಬ ಆನ್‌ಲೈನ್ ಕಲಿಕಾ ತಂತ್ರಾಂಶದಲ್ಲಿ ಮಾಡಿದ ಮೊದಲ ಕ್ವಿಜ್ ಬಹುಆಯ್ಕೆಯದು. ಅನುಕಲನದ (ಇಂಟಿಗ್ರೇಷನ್) ಹತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಆಯ್ಕೆ. ಬಹಳ ಮಂದಿಗೆ ಪೂರ್ತಿ ಅಂಕ ಬಂದದ್ದನ್ನು ನೋಡಿ ಬೀಗಿದ್ದೆ. ಆಮೇಲೆ ಒಬ್ಬ ವಿದ್ಯಾರ್ಥಿನಿಯ ರಫ್ ಹಾಳೆ ಕಣ್ಣಿಗೆ ಬಿತ್ತು. ಅದರಲ್ಲಿ ಒಂದೇ ಒಂದು ಅನುಕಲನವಿಲ್ಲ! ಆಯ್ಕೆಗಳನ್ನು ಒಂದೊಂದಾಗಿ ಅವಕಲನ (ಡಿಫರೆನ್ಸಿಯೇಷನ್, ಅನುಕಲನದ ವಿರುದ್ಧ ಕ್ರಿಯೆ) ಮಾಡಿ, ಯಾವುದು ಪ್ರಶ್ನೆಗೆ ಮರಳುತ್ತದೆಂದು ನೋಡಿದ್ದಳು. ಅವಳು ಜಾಣೆ, ದಡ್ಡತನ ನನ್ನದು.

ಹಾಗಾಗಿ ಸ್ಟ್ಯಾಕ್‌ಗೆ ಬಂದೆ. ಮೂಡಲ್‌ಗೆ ಜೋಡಿಸಿಕೊಳ್ಳುವ ಈ ಉಚಿತ ತಂತ್ರಾಂಶದಲ್ಲಿ ಉತ್ತರವನ್ನು ವಿದ್ಯಾರ್ಥಿಯೇ ಟೈಪ್ ಮಾಡಬೇಕು. ಹಿಂಬದಿಯಲ್ಲಿ ಮ್ಯಾಕ್ಸಿಮಾ ಎಂಬ ಗಣಿತ ತಂತ್ರಾಂಶ ಅದನ್ನು ಸರಿಯುತ್ತರದೊಂದಿಗೆ ತಾಳೆ ನೋಡುತ್ತದೆ. ಪದಗಳ ಕ್ರಮ ಹಿಂದುಮುಂದಾದರೂ ತಕರಾರಿಲ್ಲ. ಗುಣಾಕಾರಕ್ಕೆ ನಕ್ಷತ್ರ ಚಿಹ್ನೆ ಒತ್ತಬೇಕೆಂಬುದನ್ನು ಕಲಿಸುವುದರಲ್ಲೇ ಎರಡು ವಾರ ಹೋಯಿತು, ಅದು ಬೇರೆ ಮಾತು.

ಪ್ರತಿಯೊಬ್ಬರಿಗೂ ಬೇರೆ ಅಂಕಿ ಕೊಡಬಹುದು ಎಂಬ ಹುಮ್ಮಸ್ಸಿನಲ್ಲಿ ಐಗನ್ ಮೌಲ್ಯದ (ಮಾತೃಕೆ, ಅಂದರೆ ಅಂಕಿಗಳ ಚೌಕದಿಂದ ಲೆಕ್ಕ ಹಾಕಿ ತೆಗೆಯುವ ವಿಶಿಷ್ಟ ಸಂಖ್ಯೆಗಳು) ಪ್ರಶ್ನೆಗೆ ಮಾತೃಕೆಯ ಅಂಕಿಗಳನ್ನು ಕಂಪ್ಯೂಟರಿನ ಇಷ್ಟಕ್ಕೇ ಬಿಟ್ಟು ಪೆಟ್ಟು ತಿಂದೆ. ಒಬ್ಬನಿಗೆ 2 ಮತ್ತು 3 ಬಂದರೆ ಪಕ್ಕದವನಿಗೆ ವರ್ಗಮೂಲದೊಳಗೆ 41. ಈಗ ಉತ್ತರದಿಂದ ಹಿಂದಕ್ಕೆ ಹೋಗುತ್ತೇನೆ. 2 ಮತ್ತು 5 ಎಂದು ಮೊದಲೇ ಗೊತ್ತುಮಾಡಿ ಅವನ್ನು ಉಳಿದೆಡೆ ಸೊನ್ನೆಯಿರುವ ಮಾತೃಕೆಯ ಕರ್ಣದಲ್ಲಿ ಕೂರಿಸುತ್ತೇನೆ. ನಿರ್ಧಾರಕ 1 ಇರುವ ಪೂರ್ಣಾಂಕಗಳ ಮಾತೃಕೆಯೊಂದನ್ನು ಎಡಕ್ಕೂ ಅದರ ವಿಲೋಮವನ್ನು ಬಲಕ್ಕೂ ಇಟ್ಟು ಗುಣಿಸುತ್ತೇನೆ. ಹಾಗೆ ಬಂದದ್ದೊಂದು: ಮೊದಲ ಸಾಲು −1, 3, ಎರಡನೆಯದು −6, 8. ನೋಡಿದರೆ ಉತ್ತರದ ಸುಳಿವೇ ಸಿಗುವುದಿಲ್ಲ, ಲೆಕ್ಕ ಮಾತ್ರ ಸಲೀಸು.

ಹೆಚ್ಚು ಹೊತ್ತು ಹಿಡಿಯುವುದು ತಪ್ಪುಗಳನ್ನು ಊಹಿಸುವ ಕೆಲಸ. ಎಕ್ಸ್ ವರ್ಗ ಮತ್ತು ಸೈನ್ 3ಎಕ್ಸ್‌ಗಳ ಗುಣಲಬ್ಧದ ಅವಕಲನ ಕೇಳಿದ್ದೆ; ಸರಿಯುತ್ತರ ಎರಡು ಪದಗಳ ಮೊತ್ತ. ಎರಡನ್ನೂ ಬೇರೆಬೇರೆ ಅವಕಲನ ಮಾಡಿ ಗುಣಿಸಿದವರಿಗೆ 6ಎಕ್ಸ್ ಕಾಸ್ 3ಎಕ್ಸ್ ಬರುತ್ತದೆ. ಅವರಿಗೆ ಕಾಣುವಂತೆ ಗುಣಲಬ್ಧ ನಿಯಮ ನೆನಪಿಸುವ ಸಾಲೊಂದನ್ನು ಬರೆದಿಟ್ಟೆ. ಒಳಗಿನ 3 ಮರೆತವರಿಗೆ ಇನ್ನೊಂದು. ಆದರೂ ಯಾವ ಸಾಲಿಗೂ ಸಿಗದೆ ಬರಿಯ 'ತಪ್ಪು' ಎನಿಸಿಕೊಂಡವರು ಉಳಿದರು. ಅವರ ಉತ್ತರಗಳನ್ನು ಬಿಡಿಸಿ ನೋಡಿದೆ: ಎಲ್ಲ ಸರಿ, ನಡುವಿನ ಕೂಡುವ ಚಿಹ್ನೆ ಮಾತ್ರ ಕಳೆಯುವ ಚಿಹ್ನೆಯಾಗಿದೆ. ಹಿಂದಿನ ವಾರ ನಾನೇ ಸೈನ್‌ನ ಅನುಕಲನ ಮೈನಸ್ ಕಾಸ್ ಎಂದು ಬೋರ್ಡಿನ ಮೇಲೆ ಮೂರು ಸಲ ಬರೆದಿದ್ದೆ. ಅವರು ಆ ಮೈನಸ್ಸನ್ನೇ ಸೈನ್‌ನ ಅವಕಲನಕ್ಕೂ ತಂದಿದ್ದರು. ಆ ರಾತ್ರಿ ಮೂರನೆಯ ಸಾಲನ್ನೂ ಸೇರಿಸಿದೆ.