ಗೋಡೆ ಬೆವರುವ ಮನೆಯಲ್ಲಿ ಆರು ವರ್ಷ: ಬ್ರೈಟನ್‌ನ ನಾರ್ತ್ ಲೇನ್

ನಾನು ಕುಂದಾಪುರದ ಕಡೆಯವಳು. ನರ್ಸ್ ಕೆಲಸಕ್ಕೆ ಇಂಗ್ಲೆಂಡಿಗೆ ಬಂದವಳು, ಆರು ವರ್ಷದಿಂದ ಬ್ರೈಟನ್ ಊರಿನ ನಟ್ಟನಡುವೆ, ನಾರ್ತ್ ಲೇನ್ ಅನ್ನೋ ಕೇರಿಯಲ್ಲಿದ್ದೇನೆ. ರೈಲ್ವೆ ಸ್ಟೇಷನ್ನಿನಿಂದ ಇಳಿಜಾರಿನಲ್ಲಿ ಐದು ನಿಮಿಷ ನಡೆದರೆ ಮನೆ. ಇನ್ನೊಂದು ಹದಿನೈದು ನಿಮಿಷ ನಡೆದರೆ ಸಮುದ್ರ. ಇಲ್ಲಿಗೆ ಬರಬೇಕು ಅಂದುಕೊಂಡವರು ನನ್ನನ್ನು ಮೊದಲು ಕೇಳೋದು ಬಾಡಿಗೆ ಎಷ್ಟು ಅಂತ. ನಾನು ಮೊದಲು ಹೇಳೋದು ಗೋಡೆಯ ವಿಷಯ.

ಬಂದ ವರ್ಷ ನವೆಂಬರಿನಲ್ಲಿ ಬೀರುವಿನಿಂದ ರೇಷ್ಮೆ ಸೀರೆ ತೆಗೆದೆ. ಸೆರಗಿನ ಮೇಲೆ ಬೂದಿ ಬಣ್ಣದ ಬೂಷ್ಟು. ಬೀರು ಜರುಗಿಸಿ ನೋಡಿದರೆ ಹಿಂದಿನ ಗೋಡೆ ಕಪ್ಪಾಗಿತ್ತು. ಬಣ್ಣ ಒಂದು ಕಡೆ ಗುಳ್ಳೆ ಎದ್ದಿತ್ತು. ಬೆರಳಿನಿಂದ ಒತ್ತಿದೆ, ಒಡೆದು ಉಪ್ಪಿನಂಥ ಬಿಳಿ ಪುಡಿ ಉದುರಿತು. ಬ್ಲೀಚ್ ಹಾಕಿ ಒರೆಸಿದೆ, ಹೀಟರ್ ಜಾಸ್ತಿ ಇಟ್ಟೆ. ಒಂದು ವಾರಕ್ಕೆ ಮತ್ತೆ ಬಂತು.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಮ್ಮ ಕೇಳಿದ್ದು ಒಂದೇ ಮಾತು: "ಹಳೇ ಗೋಡೆಗೆ ಸಿಮೆಂಟ್ ಬಳಿದಿದ್ದಾರಾ ನೋಡು ಮಗಾ." ನಮ್ಮ ಅಜ್ಜಿಮನೆ ಮುರಕಲ್ಲಿನದು, ಸುಣ್ಣದ ಗಾರೆಯದು. ಯಾರೋ ಗಟ್ಟಿಯಾಗಲಿ ಅಂತ ಹೊರಗೆ ಸಿಮೆಂಟ್ ಹಾಕಿಸಿದ ಮೇಲೆ ಪ್ರತಿ ಮಳೆಗಾಲ ಒಳಗಿನ ಬಣ್ಣ ಏಳುತ್ತಿತ್ತು. ಅಮ್ಮನಿಗೆ ಅದು ನೆನಪಿತ್ತು.

ಹೊರಗೆ ಹೋಗಿ ನೋಡಿದೆ. ಸಿಮೆಂಟೇ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್. ಒಳಗಿರೋದು ಮಾತ್ರ ಬ್ರೈಟನ್ನಿನ ಹಳೇ ಮನೆಗಳಲ್ಲಿ ಸಿಗೋ ಬಂಗರೂಶ್. ಹಲಗೆಗಳ ನಡುವೆ ಚಕಮಕಿ ಕಲ್ಲು, ಒಡೆದ ಇಟ್ಟಿಗೆ, ಸಿಕ್ಕಿದ ಕಲ್ಲುಚೂರು ಎಲ್ಲವನ್ನೂ ಸುಣ್ಣದ ಜೊತೆ ಸುರಿದು ಕಟ್ಟಿದ ಗೋಡೆ. ಹತ್ತೊಂಬತ್ತನೇ ಶತಮಾನದಲ್ಲಿ ಊರು ಭರದಿಂದ ಬೆಳೆಯುವಾಗ ಇಲ್ಲಿ ಹೀಗೆ ಕಟ್ಟುತ್ತಿದ್ದರು. ಈ ಗೋಡೆ ನೀರು ಹೀರುತ್ತದೆ, ಗಾಳಿ ಬಿಸಿಲಿಗೆ ಬಿಡುತ್ತದೆ. ಹೊರಗೆ ಸಿಮೆಂಟ್ ಮುಚ್ಚಿದರೆ ಹೀರಿದ ನೀರಿಗೆ ಮನೆಯೊಳಗೇ ದಾರಿ.

ಹತ್ತು ಪೌಂಡಿಗೆ ಗಾಳಿಯ ತೇವ ಅಳೆಯುವ ಸಣ್ಣ ಮೀಟರ್ ತಂದೆ. ಎರಡು ವಾರ ಬೆಳಗ್ಗೆ ಸಂಜೆ ಬರೆದಿಟ್ಟೆ. ಮಲಗುವ ಕೋಣೆಯಲ್ಲಿ ಶೇಕಡಾ 78, 80, 79. ತಾರೀಖಿನ ಜೊತೆ ಫೋಟೋ ತೆಗೆದೆ. ಮನೆ ಯಜಮಾನರು ಮೊದಲು, ನೀವು ಅಡುಗೆ ಜಾಸ್ತಿ ಮಾಡ್ತೀರಿ, ಅದಕ್ಕೇ ಹೀಗೆ ಅಂದರು. ನನಗೆ ತುಂಬಾ ಬೇಜಾರಾಯಿತು. ಆದರೂ ನನ್ನ ಪಾಲಿನದು ಸರಿ ಮಾಡಿಕೊಂಡೆ. ಅನ್ನದ ಪಾತ್ರೆಗೆ ಮುಚ್ಚಳ, ದಿನಕ್ಕೆ ಎರಡು ಸಲ ಹತ್ತು ನಿಮಿಷ ಎದುರುಬದುರು ಕಿಟಕಿ ತೆಗೆಯೋದು, ಮಲಗುವ ಕೋಣೆಯಲ್ಲಿ ಬಟ್ಟೆ ಒಣಗಿಸದೇ ಇರೋದು, ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಡೋದು. ಮೀಟರ್ 72ಕ್ಕೆ ಇಳಿಯಿತು, ಅಲ್ಲೇ ನಿಂತಿತು. ಆ ಲೆಕ್ಕವನ್ನೂ ಕಳಿಸಿದೆ. ಮುಂದಿನ ಬೇಸಿಗೆಯಲ್ಲಿ ಅವರು ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಕರೆಸಿ, ಹೊರಗಿನ ಸಿಮೆಂಟ್ ಕೆತ್ತಿಸಿ, ಸುಣ್ಣದ ಗಾರೆ ಹಾಕಿಸಿದರು. ಈಗ ಚಳಿಗಾಲದಲ್ಲೂ 60ರ ಆಸುಪಾಸು.

ಇಷ್ಟೆಲ್ಲಾ ಆದರೂ ಈ ಕೇರಿ ಬಿಡೋ ಮನಸ್ಸು ಬಂದಿಲ್ಲ. ಲೇನ್ ಅಂದರೆ ಇಲ್ಲಿ ಓಣಿ ಅಲ್ಲ. ಗುಡ್ಡದ ಬುಡದ ಬಯಲು ಹೊಲಕ್ಕೆ ಸಸೆಕ್ಸ್ ಕಡೆಯ ಹಳೇ ಹೆಸರು. ಸಮುದ್ರದ ಹತ್ತಿರ ಚಿನ್ನದಂಗಡಿಗಳಿರುವ ಇಕ್ಕಟ್ಟಿನ ಓಣಿಗಳು 'ದಿ ಲೇನ್ಸ್', ಅದು ಬೇರೆ. ಪಕ್ಕದ ಮನೆಯ ವಯಸ್ಸಾದ ಹೆಂಗಸು ಇಲ್ಲಿ ಐವತ್ತು ವರ್ಷದಿಂದ ಇದ್ದಾರೆ. ಅವರು ಬಂದಾಗ ಈ ಮನೆಗಳನ್ನೆಲ್ಲ ಕೆಡವಿ ಮೇಲ್ಸೇತುವೆ, ಕಾರ್ ಪಾರ್ಕ್ ಮಾಡುವ ಮಾತಿತ್ತಂತೆ. ಊರಿನ ಯೋಜನಾ ಅಧಿಕಾರಿ ಕೆನ್ ಫೈನ್ಸ್ ಅದಕ್ಕೆ ಅಡ್ಡ ನಿಂತರು. 1977ರಲ್ಲಿ ಇದು ಸಂರಕ್ಷಿತ ಪ್ರದೇಶವಾಯಿತು. ಆ ಕತೆ ಹೇಳುವಾಗಲೆಲ್ಲ ಆಕೆ ತಮ್ಮ ಬಾಗಿಲಿನ ಚೌಕಟ್ಟನ್ನು ಒಮ್ಮೆ ಸವರುತ್ತಾರೆ.

ನಡುವೂರು ಅಂದಮೇಲೆ ಗದ್ದಲ ಇದ್ದೇ ಇದೆ. ನನ್ನದು ರಾತ್ರಿ ಪಾಳಿ, ಹಗಲು ನಿದ್ದೆ. ಹಾಗಾಗಿ ಮನೆ ನೋಡುವಾಗ ಮಲಗುವ ಕೋಣೆ ಹಿಂಬದಿಗಿರಬೇಕು ಅಂತ ಹಟ ಹಿಡಿದೆ. ಕೆನ್ಸಿಂಗ್ಟನ್ ಗಾರ್ಡನ್ಸ್, ಸಿಡ್ನಿ ಸ್ಟ್ರೀಟ್ ಎಲ್ಲ ಬೆಳಗ್ಗೆ ಒಂಬತ್ತಕ್ಕೆ ಇನ್ನೂ ಮೌನ. ಹನ್ನೊಂದರ ಮೇಲೆ ಜನ. ಶನಿವಾರ ಅಪ್ಪರ್ ಗಾರ್ಡ್ನರ್ ಸ್ಟ್ರೀಟಿನಲ್ಲಿ ಸಂತೆ. ಬಿಸಿಲಿರುವ ಭಾನುವಾರ ಲಂಡನ್ ರೈಲಿನಿಂದ ಇಳಿದವರು ಕ್ವೀನ್ಸ್ ರೋಡ್ ತುಂಬಾ ಉಡುಪಿ ಪರ್ಯಾಯದ ಜನದ ಹಾಗೆ ಸಮುದ್ರದ ಕಡೆ ಹರಿಯುತ್ತಾರೆ. ನಾನು ಸಾಮಾನು ತರೋದು ಮಂಗಳವಾರ ಬೆಳಗ್ಗೆ. ನಾರ್ತ್ ರೋಡಿನ ಇನ್ಫಿನಿಟಿ ಫುಡ್ಸ್‌ನಲ್ಲಿ ಬೇಳೆ, ಕಾಳು ಸಿಗುತ್ತವೆ. ಆಗಸ್ಟಿನಲ್ಲಿ ಪ್ರೈಡ್, ಅಂದರೆ ಲೈಂಗಿಕ ಅಲ್ಪಸಂಖ್ಯಾತರ ಹಬ್ಬ, ಊರು ತುಂಬಾ ಜನ. ಅದಕ್ಕೆ ಗುರುವಾರವೇ ಹಾಲು, ತರಕಾರಿ ತಂದಿಟ್ಟುಬಿಡಿ. ಕಾರು ಬೇಡವೇ ಬೇಡ, ನಡೆದರೆ ಎಲ್ಲಾ ಸಿಗುತ್ತೆ.

ಜೂನ್ ತಿಂಗಳಲ್ಲಿ ಚಿಮಣಿ ಮೇಲೆ ಕಡಲಹಕ್ಕಿಗಳ ಮರಿಗಳಿರುತ್ತವೆ. ಬೆಳಗಿನ ಜಾವ ನಾಲ್ಕಕ್ಕೇ ಕೂಗು ಶುರು. ಗೂಡು ಮುಟ್ಟುವ ಹಾಗಿಲ್ಲ, ಕಾನೂನಿದೆ. ಕಸದ ಚೀಲವನ್ನು ರಾತ್ರಿ ಹೊರಗಿಟ್ಟರೆ ಬೆಳಗ್ಗೆ ರಸ್ತೆ ತುಂಬಾ ನಿಮ್ಮ ಮನೆಯ ಮೊಟ್ಟೆ ಸಿಪ್ಪೆ.

ಡ್ಯೂಟಿ ಮುಗಿಸಿ ಸಮುದ್ರದ ಬದಿಯಲ್ಲೇ ನಡೆದು ಬರುತ್ತೇನೆ. ಮರಳಿಲ್ಲ, ಬರೀ ದುಂಡುಕಲ್ಲು. ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಉರುಳುವ ಸದ್ದು, ಮೊರದಲ್ಲಿ ಕಡಲೆ ಕೇರಿದ ಹಾಗೆ. ಪ್ಯಾಲೇಸ್ ಪಿಯರ್ ದಾಟಿ ಒಳಗೆ ತಿರುಗಿದರೆ ರಾಯಲ್ ಪೆವಿಲಿಯನ್ನಿನ ದಕ್ಷಿಣದ ಬಾಗಿಲು. ಅದು 1921ರಲ್ಲಿ ಭಾರತದವರು ಕೊಟ್ಟದ್ದು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ನಮ್ಮ ಸೈನಿಕರಿಗೆ ಈ ಅರಮನೆಯೇ ಆಸ್ಪತ್ರೆ. ಅವರವರ ಜಾತಿ, ಧರ್ಮಕ್ಕೆ ಬೇರೆ ಬೇರೆ ಅಡುಗೆಮನೆಗಳೂ ಇದ್ದವು. ರಾತ್ರಿಯಿಡೀ ವಾರ್ಡಿನಲ್ಲಿ ನಿಂತು ಬಂದವಳಿಗೆ ಆ ಬಾಗಿಲ ಕೆಳಗೆ ಒಂದು ಕ್ಷಣ ಕಾಲು ನಿಲ್ಲುತ್ತದೆ. ಇಲ್ಲೇ ಯಾರೋ ಒಬ್ಬರು ಜ್ವರದಲ್ಲಿ ತಮ್ಮ ಭಾಷೆಯಲ್ಲಿ ನೀರು ಕೇಳಿರಬಹುದು ಅಲ್ವಾ?

ಬಾಡಿಗೆಯದು ಚಿಕ್ಕದಾಗಿ ಹೇಳುತ್ತೇನೆ. ಮುಂಗಡ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಆ ದುಡ್ಡನ್ನು 30 ದಿನದೊಳಗೆ ಸರಕಾರ ಒಪ್ಪಿದ ಠೇವಣಿ ರಕ್ಷಣಾ ಯೋಜನೆಯಲ್ಲಿ ಇಟ್ಟು ನಿಮಗೆ ವಿವರ ಕೊಡಬೇಕು. ಒಳಗೆ ಹೋದ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದಿಡಿ.

ಹೋದ ತಿಂಗಳು ಮೈಸೂರಿನ ಹುಡುಗಿಯೊಬ್ಬಳು ಇಲ್ಲಿ ಕೆಲಸ ಸಿಕ್ಕಿತು ಅಕ್ಕ, ಮನೆ ನೋಡೋಕೆ ಬರ್ತೀರಾ ಅಂದಳು. ಬೇಕೆಂತಲೇ ಮಳೆ ಬರುವ ದಿನ ಹೋದೆವು. ಹೊಸ ಬಣ್ಣದ ಚಂದದ ಮನೆ, ಅವಳಿಗೆ ತುಂಬಾ ಹಿಡಿಸಿತ್ತು. ನಾನು ಬೀರುವಿನ ಹಿಂದೆ ಕೈ ಹಾಕಿ ಗೋಡೆ ಮುಟ್ಟಿದೆ. ಅವಳ ಕೈಯನ್ನೂ ಹಿಡಿದು ಅಲ್ಲಿಟ್ಟೆ. ತಣ್ಣಗೆ, ಒದ್ದೆ. ಕೊಡೆ ಬಿಚ್ಚಿಕೊಂಡು ಮುಂದಿನ ರಸ್ತೆಯ ಮನೆ ನೋಡಲು ಹೊರಟೆವು.